ಚಾಗಸ್ ಹೃದ್ರೋಗ: ಲೆಪ್ಟಿನ್ ಇಳಿಯುತ್ತದೆ, ಅಡಿಪೊನೆಕ್ಟಿನ್ ಏರುತ್ತದೆ, ಏಕೆ?

ಪ್ರಶ್ನೆ (ಫಿಸಿಯಾಲಜಿ ಪಿ.ಜಿ. ವಿದ್ಯಾರ್ಥಿನಿ): ಸರ್, ಜರ್ನಲ್ ಕ್ಲಬ್‌ಗೆ ಚಾಗಸ್ ಹೃದ್ರೋಗ (ಟ್ರಿಪನೊಸೋಮ ಕ್ರೂಜಿ ಎಂಬ ಪರಾವಲಂಬಿಯಿಂದ ಬರುವ ಹೃದಯದ ಕಾಯಿಲೆ) ತಗೊಂಡಿದ್ದೇನೆ. ಹೃದಯ ವೈಫಲ್ಯದ ಹಂತ ತಲುಪಿದ ರೋಗಿಗಳಲ್ಲಿ ಕೊಬ್ಬಿನ ಕೋಶ ಸುರಿಸುವ ಎರಡು ಹಾರ್ಮೋನುಗಳ ಪೈಕಿ ಲೆಪ್ಟಿನ್ ಕಡಿಮೆ, ಅಡಿಪೊನೆಕ್ಟಿನ್ ಜಾಸ್ತಿ ಇರುತ್ತದಂತೆ. ಅಡಿಪೊನೆಕ್ಟಿನ್ ಹೃದಯಕ್ಕೆ ಒಳ್ಳೆಯದು ಅಂತಲ್ಲವೇ ನಾವು ಓದಿದ್ದು? ರೋಗ ಬಲಿತಷ್ಟೂ ಅದು ಏರುವುದೇಕೆ? ಆಟೊನೊಮಿಕ್ ನರಗಳು (ಹೃದಯಬಡಿತದಂಥ ತಾನಾಗಿ ನಡೆಯುವ ಕೆಲಸಗಳ ನರಗಳು) ಕೆಡುವುದಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ (ಹೃದ್ರೋಗ ತಜ್ಞರು): ನರದಿಂದ ಶುರು ಮಾಡೋಣ, ಕೆಡುವುದರಲ್ಲೂ ಅದೇ ಮೊದಲು. ಟ್ರಿಪನೊಸೋಮ ಕ್ರೂಜಿ ಮೈಸೇರಿದ ಮೊದಲ ವಾರಗಳ ಉರಿಯೂತದಲ್ಲೇ ಹೃದಯದ ಗೋಡೆಯಲ್ಲಿರುವ ಪ್ಯಾರಾಸಿಂಪಥೆಟಿಕ್ (ಬಡಿತ ನಿಧಾನಿಸುವ) ನರಗಂಟುಗಳು ಪೆಟ್ಟು ತಿನ್ನುತ್ತವೆ. 1950ರ ದಶಕದಲ್ಲಿ ಬ್ರೆಜಿಲ್‌ನ ರಿಬೇರಾವ್ ಪ್ರೆಟೊದಲ್ಲಿ ಫ್ರಿಟ್ಜ್ ಕೋಬರ್ಲೆ ಶವಪರೀಕ್ಷೆಯ ಹೃದಯಗಳಲ್ಲಿ ನ್ಯೂರಾನ್‌ಗಳನ್ನು ಎಣಿಸಿ ತೋರಿಸಿದ್ದು ಇದನ್ನೇ. ಇದರ ಜೊತೆಗೆ ಹೃದಯದಲ್ಲಿ ನರದ ಸಂದೇಶ ಹಿಡಿಯುವ ಎಂ2 ಮಸ್ಕರಿನಿಕ್ ಮತ್ತು ಬೀಟಾ1 ಗ್ರಾಹಕಗಳಿಗೆ ಅಂಟುವ ಆಟೊಆಂಟಿಬಾಡಿಗಳೂ (ತನ್ನ ಮೈಗೇ ಎದುರಾದ ಪ್ರತಿಕಾಯಗಳು) ಹಲವರಲ್ಲಿ ಸಿಗುತ್ತವೆ. ಹಾಗಾಗಿ ಎಕೋ (ಹೃದಯದ ಅಲ್ಟ್ರಾಸೌಂಡ್) ಸರಿಯಾಗಿದ್ದರೂ ಪ್ಯಾರಾಸಿಂಪಥೆಟಿಕ್‌ನ ಮುಖ್ಯ ನರವಾದ ವೇಗಸ್‌ನ ಹಿಡಿತ ಸಡಿಲವಾಗಿರಬಹುದು.

ಹಾರ್ಮೋನಿನ ಕಥೆ ಬೇರೆ. ಅದು ಬಹುಪಾಲು ಹೃದಯ ಸೋತ ಮೇಲಿನದು. ಹಿಗ್ಗಿದ ಕುಹರ (ಹೃದಯದ ಕೆಳಕೋಣೆ) ಬಿಎನ್‌ಪಿ ಎಂಬ ಹಾರ್ಮೋನು ಸುರಿಸುತ್ತದೆ, ಬಿಎನ್‌ಪಿ ಕೊಬ್ಬಿನ ಕೋಶವನ್ನು ತಟ್ಟಿ ಅಡಿಪೊನೆಕ್ಟಿನ್ ಹೊರಡಿಸುತ್ತದೆ. ಮೈ ಸೊರಗಿದಾಗಲೂ ಅಡಿಪೊನೆಕ್ಟಿನ್ ಏರುತ್ತದೆ. ಅಂದರೆ ಅಡಿಪೊನೆಕ್ಟಿನ್ ಇಲ್ಲಿ ಹಾನಿ ಮಾಡುತ್ತಿದೆ ಎಂದಲ್ಲ, ಹೃದಯ ಎಷ್ಟು ಸೋತಿದೆ ಎಂದು ಹೇಳುತ್ತಿದೆ. ಬೇರೆ ಕಾರಣದ ಹೃದಯ ವೈಫಲ್ಯದಲ್ಲೂ ಹೀಗೇ. ಲೆಪ್ಟಿನ್ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ನಡೆಯುವುದು, ಕೊಬ್ಬು ಕರಗಿದರೆ ಅದೂ ಇಳಿಯಿತು.

ನಂಟು ಎಲ್ಲಿದೆ ಎಂದರೆ, ಲೆಪ್ಟಿನ್ ಮಿದುಳಿನ ಹೈಪೊಥಲಾಮಸ್ ಮೂಲಕ ಸಿಂಪಥೆಟಿಕ್ (ಬಡಿತ ಏರಿಸುವ) ನರವನ್ನು ಕೆರಳಿಸುತ್ತದೆ ಎಂದು ಸ್ಥೂಲಕಾಯದ ಪಾಠದಲ್ಲಿ ಓದಿರುತ್ತೀರಿ. ಇಲ್ಲಿ ಬಾಣವನ್ನು ತಿರುಗಿಸಿ ನೋಡಿ. ಸಿಂಪಥೆಟಿಕ್ ಒತ್ತಡ ಹೆಚ್ಚಿದಾಗ ಕೊಬ್ಬಿನ ಕೋಶದ ಬೀಟಾ ಗ್ರಾಹಕಗಳ ಮೂಲಕ ಲೆಪ್ಟಿನ್ ಸ್ರಾವವೇ ತಗ್ಗುತ್ತದೆ. ಆದ್ದರಿಂದ "ಲೆಪ್ಟಿನ್ ಕಡಿಮೆ, ಸಿಂಪಥೆಟಿಕ್ ಜಾಸ್ತಿ" ಎಂಬುದರಲ್ಲಿ ವಿರೋಧಾಭಾಸವಿಲ್ಲ.

ಮರುಪ್ರಶ್ನೆ: ಹಾಗಾದರೆ ಉರಿಯೂತ ಎಲ್ಲಿ ಬರುತ್ತದೆ ಸರ್? ಮತ್ತೆ, ಪರಾವಲಂಬಿಯನ್ನೇ ಕೊಂದರೆ ಎಲ್ಲ ಸರಿಹೋಗಬೇಕಲ್ಲ?

ಉತ್ತರ (ಹೃದ್ರೋಗ ತಜ್ಞರು): ಹೃದಯ ಕೆಟ್ಟವರಲ್ಲಿ ಉರಿಯೂತ ಕೆರಳಿಸುವ ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್ ಎಂಬ ಪ್ರೋಟೀನುಗಳ ಮೇಲುಗೈ. ಸೋಂಕಿದ್ದೂ ಇಸಿಜಿ, ಎಕ್ಸ್-ರೇ ಸರಿಯಿರುವವರಲ್ಲಿ ಉರಿಯೂತಕ್ಕೆ ಕಡಿವಾಣ ಹಾಕುವ ಐಎಲ್-10 ಹೆಚ್ಚು. ಟಿಎನ್‌ಎಫ್‌ಗೆ ಹಿಂದೆ ಕ್ಯಾಕೆಕ್ಟಿನ್ ಎಂದೇ ಹೆಸರಿತ್ತು, ಮೈ ಸೊರಗಿಸುವುದರಲ್ಲಿ ಅದರ ಪಾಲು ಮರೆಯಬೇಡಿ. ಕ್ರೂಜಿ ಕೊಬ್ಬಿನ ಕೋಶದೊಳಗೂ ಅಡಗಿ ಕೂರುತ್ತದೆ, ಆದ್ದರಿಂದ ಕೊಬ್ಬು ಇಲ್ಲಿ ಬರೀ ಪ್ರೇಕ್ಷಕನಲ್ಲ.

ಎರಡನೆಯದಕ್ಕೆ 2015ರ ಬೆನಿಫಿಟ್ ಟ್ರಯಲ್ ಉತ್ತರ ಕೊಟ್ಟಿದೆ. 2,854 ರೋಗಿಗಳಲ್ಲಿ ಪರಾವಲಂಬಿ ಕೊಲ್ಲುವ ಬೆಂಜ್‌ನಿಡಜೋಲ್ ಔಷಧಿ ರಕ್ತದಲ್ಲಿನ ಪರಾವಲಂಬಿಯನ್ನು ಇಳಿಸಿತು, ಆದರೆ ಹೃದಯ ಕೆಡುವುದನ್ನು ತಡೆಯಲಿಲ್ಲ. ಸತ್ತ ನರ, ಗಾಯಗಟ್ಟಿದ ಸ್ನಾಯು ಔಷಧಿಗೆ ಮರಳುವುದಿಲ್ಲ. ಹೃದಯ ಕೆಡುವ ಮೊದಲೇ ಕೊಡುವುದಕ್ಕೆ ಬೆಲೆ ಜಾಸ್ತಿ.

ಬಯೋಕೆಮಿಸ್ಟ್ ಒಬ್ಬರ ಸೇರ್ಪಡೆ: ಮೇಡಂ, ಟೇಬಲ್ ಓದುವಾಗ ಯೂನಿಟ್ ಗಮನಿಸಿ. ಲೆಪ್ಟಿನ್ ಒಂದು ಎಂಎಲ್‌ಗೆ ನ್ಯಾನೊಗ್ರಾಂ ಲೆಕ್ಕ, ಅಡಿಪೊನೆಕ್ಟಿನ್ ಮೈಕ್ರೊಗ್ರಾಂ ಲೆಕ್ಕ. ಸಾವಿರ ಪಟ್ಟಿನ ವ್ಯತ್ಯಾಸ. ಅಡಿಪೊನೆಕ್ಟಿನ್ ಎಲೈಜಾಕ್ಕೆ (ಬಣ್ಣದಿಂದ ಪ್ರಮಾಣ ಅಳೆಯುವ ಪರೀಕ್ಷೆ) ಸೀರಂ ಅನ್ನು ಕಿಟ್ ಹೇಳಿದಷ್ಟು ಡೈಲ್ಯೂಟ್ ಮಾಡದಿದ್ದರೆ ಪ್ಲೇಟಿನ ಬಾವಿಗಳೆಲ್ಲ (ಗುಳಿಗಳು) ಒಂದೇ ಕಡುಬಣ್ಣಕ್ಕೆ ತಿರುಗಿ ಓದು ಸ್ಟ್ಯಾಂಡರ್ಡ್ ಕರ್ವ್‌ನ (ಗೊತ್ತಿರುವ ಪ್ರಮಾಣಗಳ ಗೆರೆ) ಮೇಲಕ್ಕೆ ಹೋಗುತ್ತದೆ. ಆ ಪ್ಲೇಟ್ ಬಿಸಾಕಬೇಕು. ಲೆಪ್ಟಿನ್ ರಾತ್ರಿ ಏರುತ್ತದೆ, ಆದ್ದರಿಂದ ಎಲ್ಲರ ರಕ್ತವನ್ನೂ ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಒಂದೇ ಹೊತ್ತಿಗೆ ತೆಗೆಯಬೇಕು. ಹೆಂಗಸರಲ್ಲಿ ಎರಡೂ ಹಾರ್ಮೋನು ಸಹಜವಾಗಿಯೇ ಹೆಚ್ಚು. ಗುಂಪುಗಳಲ್ಲಿ ಗಂಡಸರು-ಹೆಂಗಸರ ಪ್ರಮಾಣ ಬೇರೆಬೇರೆ ಇದ್ದು ಅದನ್ನು ಸರಿದೂಗಿಸದಿದ್ದರೆ ಆ ಹೋಲಿಕೆ ನಂಬಬೇಡಿ. ಬಿಎಂಐ ಒಂದೇ ಸಾಲದು, ಕಾಲುಗಳಲ್ಲಿ ತುಂಬಿದ ನೀರು ತೂಕ ಇಳಿದದ್ದನ್ನು ಮರೆಮಾಚುತ್ತದೆ.

ಮರುಪ್ರಶ್ನೆ: ವೇಗಸ್ ಸಡಿಲವಾಗಿದೆ ಎಂದು ಹಾಸಿಗೆ ಪಕ್ಕದಲ್ಲೇ ತಿಳಿಯಬಹುದೇ?

ಉತ್ತರ (ಹೃದ್ರೋಗ ತಜ್ಞರು): ಆಳ ಉಸಿರಿನ ಪರೀಕ್ಷೆ ಸಾಕು. ರೋಗಿಯನ್ನು ಮಲಗಿಸಿ ಐದು ನಿಮಿಷ ಸುಮ್ಮನೆ ಬಿಡಿ. ಇಸಿಜಿ ಓಡುತ್ತಿರಲಿ. ಐದು ಸೆಕೆಂಡ್ ಒಳಗೆ, ಐದು ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ಎಣಿಕೆಯನ್ನು ನೀವೇ ಜೋರಾಗಿ ಹೇಳಿ. ಪ್ರತಿ ಉಸಿರಿನಲ್ಲೂ ಅತಿ ಹೆಚ್ಚು ಮತ್ತು ಅತಿ ಕಡಿಮೆ ಹೃದಯಬಡಿತದ ಅಂತರ ಹಿಡಿದು ಆರರ ಸರಾಸರಿ ತೆಗೆಯಿರಿ. ನಿಮಿಷಕ್ಕೆ 15 ಬಡಿತ ಅಥವಾ ಮೇಲಿದ್ದರೆ ಸರಿ, 10 ಅಥವಾ ಕೆಳಗಿದ್ದರೆ ಕೆಟ್ಟಿದೆ, ನಡುವಿನದು ಅನುಮಾನ. ವಯಸ್ಸಾದಂತೆ ಅಂತರ ತಾನಾಗೇ ಕುಗ್ಗುತ್ತದೆ, ಅದಕ್ಕೆ ಕಂಟ್ರೋಲ್ ಗುಂಪು ಅದೇ ವಯಸ್ಸಿನದಿರಬೇಕು.

ಚಾಗಸ್‌ನಲ್ಲಿ ತೊಡಕು ಬರುವುದು ಎಕ್ಟೋಪಿಕ್ (ತಪ್ಪು ಜಾಗದಿಂದ ಹುಟ್ಟುವ) ಬಡಿತಗಳಿಂದ. ನಡುವೆ ಒಂದು ವಿಪಿಸಿ (ಕುಹರದಿಂದ ಅವಧಿಗೆ ಮುಂಚೆ ಬರುವ ಬಡಿತ) ನುಸುಳಿದರೂ ಅಂತರ ಸುಳ್ಳಾಗಿ ಹಿಗ್ಗಿ ವೇಗಸ್ ಗಟ್ಟಿಯಿದೆ ಎಂದು ಕಾಣುತ್ತದೆ. ಆ ಉಸಿರನ್ನು ಲೆಕ್ಕದಿಂದ ಬಿಟ್ಟು ಮತ್ತೆ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆಗಳ ಅಡ್ಡಾದಿಡ್ಡಿ ಬಡಿತ) ಇದ್ದರೆ, ಪೇಸ್‌ಮೇಕರ್ ಬಡಿತ ನಡೆಸುತ್ತಿದ್ದರೆ ಪರೀಕ್ಷೆಗೇ ಅರ್ಥವಿಲ್ಲ. ರೋಗಿ ಬೀಟಾ ಬ್ಲಾಕರ್ (ಬಡಿತ ತಗ್ಗಿಸುವ ಮಾತ್ರೆ) ನುಂಗುತ್ತಿದ್ದರೆ ಬರೆದಿಡಿ, ಪರೀಕ್ಷೆಗೋಸ್ಕರ ನಿಲ್ಲಿಸಲು ಹೋಗಬೇಡಿ.