ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಈಗ ನನ್ನ ಹೃದಯಕ್ಕೆ ನಾನು ದಿನಾ ಏನು ಮಾಡಲಿ?

ಪ್ರಶ್ನೆ:
ಹೋದ ತಿಂಗಳು ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ನನಗೆ 41. ಇಡೀ ದಿನ ಕೂತೇ ಕೆಲಸ. ದಿನಕ್ಕೆ ನಾಲ್ಕು ಸಿಗರೇಟು. ಎರಡು ಸಲ ಜಿಮ್ ಸೇರಿ ಬಿಟ್ಟಿದ್ದೇನೆ. ಭಯ ಆಗಿದೆ. ನನ್ನಂಥವನು ಬಿಡದೆ ನಡೆಸಿಕೊಂಡು ಹೋಗುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ 1:
ನನ್ನ ಯಜಮಾನರಿಗೆ ಆರು ವರ್ಷದ ಹಿಂದೆ ಇದೇ ಆಯಿತು. ಆಗ ಶುರು ಮಾಡಿದ್ದು ಹತ್ತಾರು, ಉಳಿದುಕೊಂಡಿದ್ದು ಕೆಲವೇ. ಅವನ್ನಷ್ಟೇ ಹೇಳುತ್ತೇನೆ.

ಮೊದಲು ಸಿಗರೇಟು. ನಾಲ್ಕೇ ಅಲ್ವಾ ಅನ್ನಬೇಡಿ, ಹೃದಯಕ್ಕೆ ಒಂದೂ ಜಾಸ್ತಿಯೇ. ಬಿಟ್ಟು ಒಂದು ವರ್ಷ ಆಗುವಷ್ಟರಲ್ಲಿ ಹೃದ್ರೋಗದ ಅಪಾಯ ಸೇದುವವರ ಅರ್ಧದಷ್ಟಕ್ಕೆ ಇಳಿಯುತ್ತದೆ. ಒಬ್ಬರೇ ಒದ್ದಾಡಬೇಡಿ, ಬಿಡಿಸುವುದಕ್ಕೆ ಔಷಧಿ ಇದೆ, ಡಾಕ್ಟರನ್ನು ಕೇಳಿ.

ನಡಿಗೆ. ವಾರಕ್ಕೆ 150 ನಿಮಿಷ ಅಂದರೆ ಬೆಟ್ಟದಂತೆ ಕಾಣುತ್ತದೆ. ನಾವು ಹತ್ತು ಹತ್ತು ನಿಮಿಷ ಮಾಡಿಕೊಂಡೆವು, ದಿನಕ್ಕೆ ಮೂರು ಸಲ, ವಾರದಲ್ಲಿ ಐದು ದಿನ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಸಾಕು.

ಇನ್ನು ಬಿಪಿ. ನಮ್ಮಲ್ಲಿ ಜಾಸ್ತಿ ತಪ್ಪಾಗಿದ್ದು ಇಲ್ಲೇ. ಇವರು ಹೊರಗಿಂದ ಬಂದವರೇ ಅಂಗಿ ತೋಳಿನ ಮೇಲೇ ಬಿಪಿ ಮೆಷಿನ್ನಿನ ಪಟ್ಟಿ ಸುತ್ತಿಕೊಂಡು, ನನ್ನ ಜೊತೆ ಮಾತಾಡುತ್ತಾ ಗುಂಡಿ ಒತ್ತುತ್ತಿದ್ದರು. ಒಂದು ದಿನ ಮೇಲಿನ ಅಂಕಿ 156 ಬಂತು, ಇಬ್ಬರಿಗೂ ಕೈಕಾಲು ಆಡಲಿಲ್ಲ. ಆಮೇಲೆ ನರ್ಸ್ ಒಬ್ಬರು ಸರಿಯಾಗಿ ಹೇಳಿಕೊಟ್ಟರು. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಬೇಕು, ಕಾಲ ಮೇಲೆ ಕಾಲು ಹಾಕಬಾರದು. ಪಟ್ಟಿ ಬರಿ ತೋಳಿಗೆ, ತೋಳು ಎದೆ ಮಟ್ಟಕ್ಕೆ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು ಇರಬಾರದು. ಮೂತ್ರ ಕಟ್ಟಿಕೊಂಡು ನೋಡಬಾರದು. ಹಾಗೆ ಕೂತು ನೋಡಿದಾಗ ಅದೇ ಮನುಷ್ಯನಿಗೆ 138! ಈಗ ಬೆಳಿಗ್ಗೆ, ರಾತ್ರಿ ಒಂದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಡಾಕ್ಟರು ಮೊದಲು ಕೇಳುವುದೇ ಆ ಪುಸ್ತಕವನ್ನು.

ಉತ್ತರ 2:
ಉಪ್ಪಿನ ಮಾತೇ ಬರಲಿಲ್ಲ. ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು. ಪ್ಯಾಕೆಟ್ ತಿಂಡಿಯಲ್ಲಿ ಇರುವುದೂ ಲೆಕ್ಕಕ್ಕೆ ಬರುತ್ತದೆ. ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಡಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಉತ್ತರ 3:
ಅಭ್ಯಾಸಗಳು ಸರಿ, ಆದರೆ ಒಂದು ಸಲ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಅಪ್ಪನಿಗೆ ಯಾವ ವಯಸ್ಸಿನಲ್ಲಿ ಆಯಿತು ಅಂತ ಡಾಕ್ಟರಿಗೆ ಹೇಳಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮುಂಚೆ ಬಂದಿದ್ದರೆ ಅದನ್ನು ಬೇರೆಯಾಗಿಯೇ ನೋಡುತ್ತಾರೆ. ಎದೆ ಹಿಂಡಿದಂತಾಗಿ, ಬೆವರಿ, ನೋವು ತೋಳಿಗೋ ದವಡೆಗೋ ಹರಡಿದರೆ ಗ್ಯಾಸ್ ಅಂತ ಕಾಯಬೇಡಿ, ಕೂಡಲೇ ಆಂಬುಲೆನ್ಸ್ ಕರೆಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಆದದ್ದು 67ಕ್ಕೆ. ನಾಳೆಯೇ ಡಾಕ್ಟರನ್ನು ನೋಡುತ್ತೇನೆ. ಅಕ್ಕಾ, ಬಿಪಿ ಯಾವ ಕೈಯಲ್ಲಿ ನೋಡಬೇಕು?

ಉತ್ತರ 1:
ಮೊದಲ ಸಲ ಎರಡರಲ್ಲೂ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ, ಮುಂದೆ ಯಾವಾಗಲೂ ಅದೇ ಕೈ.