ಪದಚರ್ಚೆ: ಲಿಬರ್ಟೇರಿಯನ್‌ಗೆ ಏನೆನ್ನೋಣ? ಜೊತೆಗೆ ನಿರಂಕುಶ, -ಲಾಗಿದೆ, ಬಿಟ್ಟಿ

ಗೆಳೆಯರೇ,

ಪ್ರಚಲಿತ ವಿದ್ಯಮಾನಗಳ ಮೇಲಿನ ಒಂದು ಲೇಖನಮಾಲೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೆದವರು ಪಕ್ಕಾ ಲಿಬರ್ಟೇರಿಯನ್, ಅಂದರೆ ಸರ್ಕಾರದ ಬಲವಂತ ಆದಷ್ಟು ಕಡಿಮೆಯಿರಲಿ, ವ್ಯಕ್ತಿಯನ್ನು ಅವನ ಪಾಡಿಗೆ ಬಿಡಿ ಎನ್ನುವವರು. ಸುದ್ದಿ ಆಮದು ಸುಂಕದ್ದಿರಲಿ, ಲಾಕ್‌ಡೌನಿನದ್ದಿರಲಿ, ಜಾಲತಾಣಗಳ ಕಡಿವಾಣದ್ದಿರಲಿ, ಅವರು ಕೇಳುವುದು ಒಂದನ್ನೇ: ಇಲ್ಲಿ ಯಾರು ಯಾರನ್ನು ಬಲವಂತಪಡಿಸುತ್ತಿದ್ದಾರೆ? ಅವರ ಉತ್ತರಗಳನ್ನೆಲ್ಲ ಒಪ್ಪದಿದ್ದರೂ ಈ ಪ್ರಶ್ನೆ ನನಗೆ ಹಿಡಿಸಿದೆ. ಆದರೆ ಅವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎನ್ನುವಲ್ಲೇ ಕೆಲಸ ನಿಂತಿದೆ.

‘ಉದಾರವಾದಿ’ ಎನ್ನಲಾರೆ. ಅದು ಲಿಬರಲ್‌ಗೆ ಸಂದಾಯವಾಗಿ ಹೋಗಿದೆ. ಅಮೆರಿಕದಲ್ಲಿ ಲಿಬರಲ್ ಎಂದರೆ ಸರ್ಕಾರ ಇನ್ನಷ್ಟು ಮಾಡಬೇಕು ಎನ್ನುವವರು ಎಂಬ ಅರ್ಥ ಗಟ್ಟಿಯಾದ ಮೇಲೇ ಅಲ್ಲವೇ, ಸರ್ಕಾರ ಕಡಿಮೆ ಮಾಡಲಿ ಎನ್ನುವವರು ಬೇರೆ ಹೆಸರು ಹುಡುಕಿದ್ದು? ಅದೂ ಅಲ್ಲದೆ ಉದಾರಿ ಎಂದರೆ ನಮಗೆ ಕೈಬಿಚ್ಚಿ ಕೊಡುವವನು. ತೆರಿಗೆಯ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುವವರನ್ನು ಹಾಗೆ ಕರೆದರೆ ನಗೆಪಾಟಲು.

‘ಸ್ವಾತಂತ್ರ್ಯವಾದಿ’ ಎಂದ ಕೂಡಲೇ ಮನಸ್ಸು 1947ಕ್ಕೆ ಹೋಗುತ್ತದೆ. ಇನ್ನು ‘ಸ್ವೇಚ್ಛೆ’. ತನ್ನ ಇಚ್ಛೆ, ಪದಶಃ ನೋಡಿದರೆ ಇವರು ಬೇಡುವುದು ಅದನ್ನೇ. ಆದರೆ ‘ಸ್ವಾತಂತ್ರ್ಯ ಸ್ವೇಚ್ಛಾಚಾರ ಆಗಬಾರದು’ ಎಂಬ ವಾಕ್ಯವಿಲ್ಲದೆ ನಮ್ಮಲ್ಲಿ ಭಾಷಣ ಮುಗಿಯುವುದುಂಟೇ? ವಿಚಾರಣೆಯಿಲ್ಲದೆ ಶಿಕ್ಷೆಗೆ ಒಳಗಾದ ಪದ ಅದು. ‘ಸ್ವೈರ’ದ ಪಾಡು ಇನ್ನೂ ಕೆಟ್ಟದ್ದು. ‘ಸ್ವಚ್ಛಂದ’ ಅರ್ಧ ಬಚಾವಾಗಿದೆ: ಹಕ್ಕಿ ಸ್ವಚ್ಛಂದವಾಗಿ ಹಾರಿದರೆ ಕವಿತೆ, ಮನೆಮಗಳು ಸ್ವಚ್ಛಂದವಾಗಿ ಇದ್ದರೆ ದೂರು.

‘ಲಿಬರ್ಟೇರಿಯನ್’ ಎಂಬ ಮೂಲ ಪದದ್ದೂ ನೇರ ದಾರಿಯಲ್ಲ. 1789ರಲ್ಲಿ ಇಂಗ್ಲಿಷ್ ಲೇಖಕ ವಿಲಿಯಂ ಬೆಲ್ಷಮ್ ಬಳಸಿದಾಗ ಅದು ತತ್ವಶಾಸ್ತ್ರದ ಮಾತು. ಮನುಷ್ಯನ ಸಂಕಲ್ಪ ಸ್ವತಂತ್ರ ಎನ್ನುವವನಿಗೆ ಆ ಹೆಸರು. 1857ರಲ್ಲಿ ಅದರ ಫ್ರೆಂಚ್ ರೂಪವನ್ನು ರಾಜಕೀಯಕ್ಕೆ ತಂದ ಜೋಸೆಫ್ ದೆಜಾಕ್ ಅರಾಜಕತಾವಾದಿ, ಮೇಲಾಗಿ ಕಮ್ಯುನಿಸ್ಟ್. ಖಾಸಗಿ ಆಸ್ತಿಯನ್ನು ಕಂಡರಾಗದ ಆತ ಮರುವರ್ಷ ನ್ಯೂಯಾರ್ಕಿನಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಶುರುಮಾಡಿದ. ಅಮೆರಿಕದ ಮಾರುಕಟ್ಟೆವಾದಿಗಳು ಅದನ್ನು ತಮ್ಮದಾಗಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಹೆಸರಿನ ಪಕ್ಷ ಹುಟ್ಟಿದ್ದು 1971ರಲ್ಲಿ. ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್‌ಗಂತೂ ಪದ ಸೇರಿರಲಿಲ್ಲ. ಇದು ಯಾರೋ ಕೂತು ತಯಾರಿಸಿದ ಬದಲಿ ಪದದಂತಿದೆ ಎಂದು 1960ರಲ್ಲೇ ಗೊಣಗಿದ್ದರು. ಸ್ಪ್ಯಾನಿಷ್‌ನಲ್ಲಿ ಇನ್ನೂ ಮಜಾ: 1936ರ ಸ್ಪೇನಿನಲ್ಲಿ ‘ಲಿಬರ್ಟಾರಿಯೊ’ ಎಂದರೆ ಕಾರ್ಖಾನೆಗಳನ್ನು ಕಾರ್ಮಿಕರ ಕೈಗೆ ತಂದವರು, 2023ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಅಧ್ಯಕ್ಷರಾದ ಹಾವಿಯೆರ್ ಮಿಲೇ ಸರ್ಕಾರಿ ಖರ್ಚನ್ನು ತುಂಡರಿಸುತ್ತೇನೆಂದು ಪ್ರಚಾರದಲ್ಲಿ ಯಂತ್ರಗರಗಸ ಬೀಸಿದ್ದೂ ಅದೇ ಹೆಸರು ಹೇಳಿಕೊಂಡು.

ನಾನು ಹೆಚ್ಚು ಹೊತ್ತು ಸುತ್ತುತ್ತಿರುವುದು ‘ನಿರಂಕುಶ’ವನ್ನು. ಅಂಕುಶವಿಲ್ಲದ್ದು, ಅಷ್ಟೇ. ಆದರೆ ಅಂಕುಶ ಇಲ್ಲದಿರುವುದು ಯಾರಿಗೆ ಎಂಬುದರ ಮೇಲೆ ಅರ್ಥ ಪಲ್ಟಿ ಹೊಡೆಯುತ್ತದೆ. ದೊರೆಗಿಲ್ಲದಿದ್ದರೆ ನಿರಂಕುಶ ಪ್ರಭುತ್ವ. ಕವಿಗಿಲ್ಲದಿದ್ದರೆ ‘ನಿರಂಕುಶಾಃ ಕವಯಃ’, ವ್ಯಾಕರಣ ತಪ್ಪಿದರೂ ಮಾಫಿ. ಕುವೆಂಪು ಯುವಕರಿಗೆ ‘ನಿರಂಕುಶಮತಿಗಳಾಗಿ’ ಎಂದು ಕರೆಕೊಟ್ಟಾಗ ಅದೇ ಪದ ತಲೆಯೆತ್ತಿ ನಿಂತಿತು: ನಿನ್ನ ಬುದ್ಧಿಯ ಮೇಲೆ ಇನ್ನೊಬ್ಬರು ಸವಾರಿ ಮಾಡದಿರಲಿ ಎಂದು. ಅಂಕುಶ ಸರ್ಕಾರಕ್ಕಿರಲಿ, ಪ್ರಜೆಗೆ ಬೇಡ ಎಂದರೆ ಲಿಬರ್ಟೇರಿಯನ್ ವಾದದ ಅರ್ಧವನ್ನು ಹೇಳಿದಂತಾಯಿತು. (‘ಪ್ರಜೆ’ ಮೂಲದಲ್ಲಿ ಸಂತಾನ ಎಂದು ತಿಳಿದರೆ ನನ್ನ ಲೇಖಕರು ಬೆಚ್ಚಿಬಿದ್ದಾರು.) ಆದರೂ ‘ನಿರಂಕುಶವಾದಿ’ ಎಂದು ಬರೆಯುವ ಧೈರ್ಯವಿಲ್ಲ, ಓದುಗರ ಕಣ್ಣಮುಂದೆ ಬರುವವನು ಹಿಟ್ಲರ್. ಸಮಾಸದಲ್ಲಿ ‘ಮತಿ’ ಸೇರಿದರೆ ಮಾತ್ರ ಪದ ಸುರಕ್ಷಿತ.

ಎರಡನೆಯ ತೊಡಕು ಪದದ್ದಲ್ಲ, ಕ್ರಿಯಾಪದದ್ದು. ‘ನಿಷೇಧಿಸಲಾಗಿದೆ’, ‘ಆದೇಶಿಸಲಾಗಿದೆ’, ‘ಜಾರಿಗೆ ತರಲಾಗಿದೆ’. ಕಚೇರಿ ಕನ್ನಡದ ಈ ‘-ಲಾಗಿದೆ’ ಮಾಡಿದವರ ಹೆಸರನ್ನು ನಯವಾಗಿ ನುಂಗುತ್ತದೆ. ಮಳೆ ಬಂದಹಾಗೆ ನಿಷೇಧವೂ ಬಂತು ಎನ್ನಿಸಿಬಿಡುತ್ತದೆ. ನನ್ನ ಲೇಖಕರಿಗೋ ಕರ್ತೃ ಇಲ್ಲದ ವಾಕ್ಯವೇ ಆಗದು. ಹದಿನಾರು ತುಂಬದವರ ಸಾಮಾಜಿಕ ಜಾಲತಾಣ ಬಳಕೆಯ ಬಗ್ಗೆ ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಅಂಗೀಕರಿಸಿದ ಕಾನೂನನ್ನು ಅವರು ಬಿಡಿಸುವ ಕ್ರಮ ನೋಡಿ. ‘ಮಕ್ಕಳಿಗೆ ಜಾಲತಾಣ ನಿಷೇಧ’ ಎಂದು ನಾವು ಮೂರು ಪದದಲ್ಲಿ ಮುಗಿಸುತ್ತೇವೆ. ಆದರೆ ಆ ಕಾನೂನು ಮಗುವಿಗೂ ದಂಡ ಹಾಕುವುದಿಲ್ಲ, ತಂದೆತಾಯಿಗೂ ಹಾಕುವುದಿಲ್ಲ. ಖಾತೆ ತೆರೆಯದಂತೆ ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಹಾಗಾಗಿ ಬಲವಂತಪಡಿಸುವುದು ಸರ್ಕಾರ, ಬಲವಂತಕ್ಕೆ ಒಳಗಾಗುವುದು ಕಂಪನಿ. ಅದು ಚಿಕ್ಕವರನ್ನು ಬೇರ್ಪಡಿಸಬೇಕಾದರೆ ಐವತ್ತರ ಪ್ರಾಯದವರ ವಯಸ್ಸನ್ನೂ ಒಂದಲ್ಲ ಒಂದು ಬಗೆಯಲ್ಲಿ ಅಂದಾಜಿಸಲೇಬೇಕು ಎನ್ನುವುದು ಅವರ ಆಕ್ಷೇಪ. ಮಕ್ಕಳ ವಿಷಯದಲ್ಲಿ ನನಗೆ ಅವರಷ್ಟು ಬಿಗಿ ನಿಲುವಿಲ್ಲ. ಅನುವಾದದಲ್ಲಿ ಮಾತ್ರ ‘-ಲಾಗಿದೆ’ಯನ್ನು ಪೂರ್ತಿ ಕೈಬಿಟ್ಟಿದ್ದೇನೆ. ವಾಕ್ಯ ಕೊಂಚ ಒರಟಾಗುತ್ತದೆ, ಆಗಲಿ.

ಇದರ ತಮ್ಮನಂಥದ್ದು ‘ನೀಡು’. ‘ಸಂವಿಧಾನ ನೀಡಿದ ವಾಕ್‌ಸ್ವಾತಂತ್ರ್ಯ’ ಎಂದು ಕೈ ತಾನಾಗಿಯೇ ಬರೆಯುತ್ತದೆ. ಆದರೆ ಅಮೆರಿಕ ತನ್ನ ಸಂವಿಧಾನಕ್ಕೆ 1791ರಲ್ಲಿ ಸೇರಿಸಿಕೊಂಡ ಮೊದಲ ತಿದ್ದುಪಡಿ ಯಾರಿಗೂ ಏನನ್ನೂ ನೀಡುವುದಿಲ್ಲ. ವಾಕ್‌ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನನ್ನು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮಾಡಕೂಡದು ಎನ್ನುತ್ತದೆ. ಅಲ್ಲಿ ‘ನೀಡಿದ’ ಹಾಕಿದರೆ ಲೇಖಕರ ಇಡೀ ವಾದ ತಲೆಕೆಳಗು. ‘ಕಾಪಾಡುವ’ ಎಂದು ಹಾಕಿದ್ದೇನೆ.

ಕಡೆಯದು, ನಿಮ್ಮ ತೀರ್ಪು ನಿಜಕ್ಕೂ ಬೇಕಾದದ್ದು: ‘ಬಿಟ್ಟಿ’. ದುಡಿಮೆಯ ಗಳಿಕೆಯ ಮೇಲಿನ ತೆರಿಗೆಯೂ ಬಲವಂತದ ದುಡಿಮೆಯೂ ಒಂದೇ ಸಾಲಿನವು ಎಂದು ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ವಾದಿಸಿದರು. ಕೂಲಿ ಕೊಡದೆ ದುಡಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ. ಸಂಸ್ಕೃತದ ವಿಷ್ಟಿ ಕನ್ನಡದಲ್ಲಿ ಬಿಟ್ಟಿಯಾಯಿತು, ‘ಬಿಟ್ಟಿ ಚಾಕರಿ’ಯಲ್ಲಿ ಇಂದಿಗೂ ಉಸಿರಾಡುತ್ತಿದೆ. ಅತ್ತ ‘ಬಿಟ್ಟಿ ಸಿಕ್ಕಿತು’ ಎಂದರೆ ಕಾಸು ಕೊಡದೆ ಪಡೆದದ್ದು. ರಾಜಕೀಯದ ಜಗಳದಲ್ಲಿ ಸರ್ಕಾರದ ಉಚಿತ ಯೋಜನೆಗಳ ಮೇಲೆ ಎಸೆಯುವ ಕಲ್ಲೂ ಅದೇ. ದುಡಿದವನ ಕಡೆಯಿಂದ ನೋಡಿದರೂ ಬಿಟ್ಟಿ, ಪಡೆದವನ ಕಡೆಯಿಂದ ನೋಡಿದರೂ ಬಿಟ್ಟಿ. ಲಿಬರ್ಟೇರಿಯನ್ ಕಣ್ಣಿಗೆ ಎರಡೂ ಒಂದೇ ಲೆಕ್ಕದ ಜಮಾ-ಖರ್ಚು, ಹಾಗಾಗಿ ಈ ಪದ ಅವರಿಗೆಂದೇ ಕಾದಿದ್ದಂತಿದೆ. ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಿಟ್ಟಿಗೆ ಹಿಡಿದವನಿಗೆ ಒಲ್ಲೆ ಎನ್ನುವ ದಾರಿಯೇ ಇರಲಿಲ್ಲ. ತೆರಿಗೆ ಕಟ್ಟುವವನಿಗೆ ಕೆಲಸ ಬದಲಿಸುವ, ಕಡಿಮೆ ದುಡಿಯುವ ಆಯ್ಕೆಯಾದರೂ ಉಂಟು.

ಈಗಿನ ಕರಡು ಹೀಗಿದೆ: ‘ಗಳಿಕೆಯ ಮೇಲಿನ ತೆರಿಗೆಯೆಂದರೆ ಪ್ರಭುತ್ವಕ್ಕೆ ಮಾಡುವ ಬಿಟ್ಟಿ ಚಾಕರಿಯೇ.’ ‘ಜೀತ’ ಬೇಡವೆನಿಸಿತು, ಅದರಲ್ಲಿ ಸಾಲವೂ ಒಡೆಯನೂ ಬಂದುಬಿಡುತ್ತಾರೆ. ಇವತ್ತಿನ ಓದುಗರಿಗೆ ಇಲ್ಲಿ ಬಲವಂತ ಕೇಳಿಸುತ್ತದೆಯೋ, ಬರೀ ಪುಕ್ಕಟೆ ಕೇಳಿಸುತ್ತದೆಯೋ? ಲಿಬರ್ಟೇರಿಯನ್‌ಗೆ ಸದ್ಯ ‘ವ್ಯಕ್ತಿಸ್ವಾತಂತ್ರ್ಯವಾದಿ’ ಎಂದು ಹಾಕಿಕೊಂಡು ಹೋಗುತ್ತಿದ್ದೇನೆ. ಉದ್ದವಾಯಿತು ಎನ್ನುವವರು ಚಿಕ್ಕದೊಂದನ್ನು ಕಳಿಸಿ.