12345678987654321: ಈ ಸಂಖ್ಯೆಯ ವಿಶೇಷ ಏನು?

ಡೊಂಬಿವಲಿ ಅಮ್ಮ: ಮಗನಿಗೆ ಶಾಲೆಯಲ್ಲಿ ಈ ಸಂಖ್ಯೆ ಕೊಟ್ಟು ವಿಶೇಷ ಹುಡುಕಿ ಬಾ ಅಂದಿದ್ದಾರೆ. ಹಿಂದಿನಿಂದ ಓದಿದರೂ ಒಂದೇ ಅನ್ನೋದು ಬಿಟ್ಟು ಇನ್ನೇನಿದೆ?

ಕೊಥ್ರೂಡ್ ಕೋಡರ್: 100ರಿಂದ ಭಾಗವಾಗುತ್ತದೆ. ಎಕ್ಸೆಲ್‌ಗೆ ಹಾಕಿ ನೋಡಿ, ಕೊನೆಗೆ 300 ಬರುತ್ತದೆ.

ಮಾಟುಂಗ ಗಲ್ಲಾ: ಕಣ್ಣೆದುರಿಗೆ 321 ಇದೆ ಸ್ವಾಮಿ! ನಮ್ಮ ಹೋಟೆಲಿನ ಗಲ್ಲಾದಲ್ಲಿ ಹೀಗೆ 21 ರೂಪಾಯಿ ಮಾಯವಾದರೆ ಕೂತವನು ಮನೆಗೆ ಹೋಗುತ್ತಾನೆ. ಎಕ್ಸೆಲ್ 15 ಅಂಕಿ ಇಟ್ಟುಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತದೆ. ಇದು 17 ಅಂಕಿಯದು. 111111111ನ್ನು ಅದರಿಂದಲೇ ಗುಣಿಸಿದರೆ ಇದು ಸಿಗುತ್ತದೆ. ಅಂಕಿಗಳ ಮೊತ್ತ 81, ಸಂಖ್ಯೆಯೂ 81ರಿಂದ ಭಾಗವಾಗುತ್ತದೆ. ಇಂಥವಕ್ಕೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟವರು ನಮ್ಮ ಮುಂಬಯಿಯ ಕಾಪ್ರೇಕರ್.

ಕೊಥ್ರೂಡ್ ಕೋಡರ್: "ನಮ್ಮ ಮುಂಬಯಿಯ"? ಅವರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ.

ಮಾಟುಂಗ ಗಲ್ಲಾ: 1929ರಲ್ಲಿ ಡಿಗ್ರಿ ಕೊಟ್ಟಿದ್ದು ಮುಂಬಯಿ ವಿಶ್ವವಿದ್ಯಾಲಯ. ನಿಮ್ಮ ಪುಣೆ ವಿಶ್ವವಿದ್ಯಾಲಯ ಹುಟ್ಟಿದ್ದೇ 1949ರಲ್ಲಿ.

ಕೊಥ್ರೂಡ್ ಕೋಡರ್: ಡಿಗ್ರಿ ಬರೀ ಕಾಗದ. ಪಾಠ ಕೇಳಿದ್ದು ಎಲ್ಲಿ?

ಮಡಗಾಂವ್ ಮಳೆ: ಅವರು ಹುಟ್ಟಿದ್ದು ಡಹಾಣೂ, ಮೇಷ್ಟ್ರಾಗಿದ್ದು ನಾಸಿಕದ ಹತ್ತಿರದ ದೇವಳಾಲಿ. ಇಬ್ಬರಿಗೂ ಇಲ್ಲ. ಅಂದಹಾಗೆ, ಹಿಂದೆ ಮುಂದೆ ಒಂದೇ ಇರುವ ಸಂಖ್ಯೆ 11ರಿಂದ ಭಾಗವಾಗಲೇಬೇಕು ಅಲ್ವಾ?

ಮಾಟುಂಗ ಗಲ್ಲಾ: ಡಹಾಣೂವರೆಗೆ ಲೋಕಲ್ ಹೋಗುತ್ತದೆ. ಅಂದಮೇಲೆ ಅದೂ ಮುಂಬಯಿಯೇ.

ಕೊಥ್ರೂಡ್ ಕೋಡರ್: ಡೆಕ್ಕನ್ ಕ್ವೀನ್ ಬೆಳಿಗ್ಗೆ ಹೊರಡುವುದು ಪುಣೆಯಿಂದ. ಹಾಗಾದರೆ ಮುಂಬಯಿಯೆಲ್ಲ ನಮ್ಮದೇ!

ಥಾಣೆಯ ಸೇಡಂ ಹುಡುಗ: ಎಷ್ಟು ಹೊತ್ತು ರೈಲಿನಲ್ಲೇ ಕೂರುತ್ತೀರಿ? ನಮ್ಮ ಸೇಡಂ ಪಕ್ಕದ ಮಳಖೇಡವೇ ಹಳೆಯ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಇದರ ತಮ್ಮನನ್ನು ಬರೆದಿಟ್ಟಿದ್ದಾನೆ: 12345654321. 27994681ನ್ನು 441ರಿಂದ ಗುಣಿಸಿ, ಅದೇ ಬರುತ್ತದೆ.

ಕೊಥ್ರೂಡ್ ಕೋಡರ್: "ತಮ್ಮ" ಅಂತ ನೀವೇ ಒಪ್ಪಿದಿರಿ. ಆರಕ್ಕೇ ಸುಸ್ತಾಗಿದೆ.

ಥಾಣೆಯ ಸೇಡಂ ಹುಡುಗ: ನಿಮ್ಮದು ಒಂಬತ್ತಕ್ಕೆ ಸುಸ್ತಾಗಲ್ವಾ? ಹತ್ತು ಒಂದು ಬರೆದು ವರ್ಗ ಮಾಡಿ: 1234567900987654321. ದಶಕ ಏರಿತು, ಅಂದ ಕೆಟ್ಟಿತು. ಮಹಾವೀರಾಚಾರ್ಯ ಓದದವರು ಎಕ್ಸೆಲ್ ನಂಬಿಕೊಂಡೇ ಇರಿ, ಥೂ.

ಮಾಟುಂಗ ಗಲ್ಲಾ: ಥೂ ಗೀ ಬೇಡ ತಮ್ಮಾ, ಹೆಂಗಸರಿದ್ದಾರೆ.

ಡೊಂಬಿವಲಿ ಅಮ್ಮ: ಹೆಂಗಸರು ಅಡುಗೆ ಮುಗಿಸಿ ಬಂದರೂ 11ರ ಪ್ರಶ್ನೆ ಹಾಗೇ ಬಿದ್ದಿದೆ. ಮಗನೇ ಮಾಡಿದ. ಒಂದು ಬಿಟ್ಟು ಒಂದು ಅಂಕಿ ಕೂಡಿದರೆ 41, ಉಳಿದವು 40. ವ್ಯತ್ಯಾಸ 1, ಹಾಗಾಗಿ ಭಾಗವಾಗಲ್ಲ. ಒಟ್ಟು ಅಂಕಿಗಳ ಎಣಿಕೆ ಸರಿಸಂಖ್ಯೆಯಾಗಿದ್ದರೆ ಮಾತ್ರ "ಆಗಲೇಬೇಕು" ಅನ್ನಬಹುದಂತೆ.

ಮಡಗಾಂವ್ ಮಳೆ: ನಾನು ಆಗುತ್ತದೆ ಅಂದಿಲ್ಲ. ಅಲ್ವಾ ಅಂತ ಕೇಳಿದ್ದೆ.

ಕೊಥ್ರೂಡ್ ಕೋಡರ್: ನಾನೂ ಎಕ್ಸೆಲ್ ತೋರಿಸಿದ ಸಂಖ್ಯೆಯ ಬಗ್ಗೆ ಹೇಳಿದ್ದು. ಅದು 100ರಿಂದ ಭಾಗವಾಗುತ್ತದೆ. ಕಾಪ್ರೇಕರ್ ಪುಣೆಯವರು.

ಮಾಟುಂಗ ಗಲ್ಲಾ: ಡಹಾಣೂ ಲೋಕಲ್ ಹತ್ತಿ ಬನ್ನಿ, ಅಲ್ಲೇ ಮಾತಾಡೋಣ.